ಯಂತ್ರಗಳ ಹೆಸರು ಕೇಳುವ ವೆಂಕಟರತ್ನಮ್ಮ

ಬೆಳಗಿನ ಐದೂಕಾಲು. ಉರಿಗಾಂನ ದಿಬ್ಬದ ಮೇಲಿರುವ ಹಂಚಿನ ಕಟ್ಟಡದ ಬೀಗ ತೆಗೆದು ವೆಂಕಟರತ್ನಮ್ಮ ಒಳಗೆ ಬರುತ್ತಾರೆ. ದೀಪ ಹಾಕುವ ಮೊದಲು ಚಪ್ಪಲಿ ಬಿಟ್ಟು, ಬಾಗಿಲ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬಲ ಅಂಗೈಯನ್ನು ಸಿಮೆಂಟಿನ ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ಹೊರಗೆ ಎಲ್ಲೋ ಬೊಗಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಬೀರುವಿನ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ, ಮತ್ತೆ ನಿಲ್ಲುತ್ತವೆ. ಅವರ ಕೈ ಮಾತ್ರ ಇನ್ನೂ ಒಂದಷ್ಟು ಹೊತ್ತು ನೆಲದ ಮೇಲೇ ಇರುತ್ತದೆ.

"ಸಣ್ದು," ಎಂದು ಎದ್ದು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ದೂರ ಐತೆ. ಕೋರಮಂಡಲ್ ಗಣಿ ಕಡೆ."

ದೀಪ ಹತ್ತಿದಾಗ ಕಾಣುವುದು ನಾಲ್ಕು ಮೇಜು, ನಾಲ್ಕು ಕಂಪ್ಯೂಟರ್. ಮೂರು ಹಗಲೂ ರಾತ್ರಿಯೂ ಗುಂಯ್‌ಗುಡುತ್ತಲೇ ಇರುತ್ತವೆ. ನಾಲ್ಕನೆಯದಕ್ಕೆ ನೀಲಿ ಬಟ್ಟೆಯ ಮುಸುಕು. ಅದರ ಮೇಲೆ ನಿನ್ನೆಯದೋ ಮೊನ್ನೆಯದೋ ಬಾಡಿದ ಚೆಂಡುಹೂವು. ವೆಂಕಟರತ್ನಮ್ಮ ಮೊದಲ ಯಂತ್ರದ ಮುಂದೆ ನಿಂತು ಒಂದೇ ಬೆರಳಿನಲ್ಲಿ ಒಂದು ಪದ ಒತ್ತುತ್ತಾರೆ. ಪರದೆಯ ಮೇಲೆ ಎಂಟು ಅಕ್ಷರ ಮೂಡುತ್ತವೆ, ಅಂಕಿಯೂ ಇಂಗ್ಲಿಷ್ ಅಕ್ಷರವೂ ಬೆರೆತದ್ದು. ಅದನ್ನು ಗಟ್ಟಿಯಾಗಿ ಓದುತ್ತಾರೆ, ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟದ್ದಕ್ಕೆ ತಾಳೆ ನೋಡುತ್ತಾರೆ, ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಂದೆ ಏನನ್ನೂ ಒತ್ತದೆ, ಬಟ್ಟೆಯ ಮಡಿಕೆ ಸರಿಮಾಡಿ ಪೊರಕೆ ಹಿಡಿಯುತ್ತಾರೆ.

ಇದು ಕಂಪನ ಕಚೇರಿ. ನೂರು ವರ್ಷ ತೋಡಿ ಟೊಳ್ಳು ಮಾಡಿದ ಬಂಗಾರದ ಗಣಿಯಲ್ಲಿ ಒತ್ತಡ ತಾಳದೆ ಬಂಡೆ ಒಮ್ಮೊಮ್ಮೆ ಸಿಡಿಯುತ್ತದೆ. ಇಲ್ಲಿನವರು ಅದನ್ನು 'ಬರ್ಸ್ಟ್' ಎನ್ನುತ್ತಾರೆ. ದೊಡ್ಡ ಬರ್ಸ್ಟಿಗೆ ಮುಂಚೆ ಸಣ್ಣ ಸಣ್ಣ ನಡುಕ ಹುಟ್ಟುವುದುಂಟು. ಸುರಂಗಗಳಲ್ಲಿ ಅಲ್ಲಲ್ಲಿ ಕೂರಿಸಿದ ಉಪಕರಣಗಳು ಆ ನಡುಕವನ್ನು ಹಿಡಿದು ತಂತಿಯಲ್ಲಿ ಮೇಲಕ್ಕೆ ಕಳಿಸುತ್ತವೆ. ಅದು ಎಷ್ಟನೇ ಲೆವೆಲ್‌ನ ಅಂದರೆ ಮೇಲಿನಿಂದ ಎಷ್ಟನೇ ಅಂತಸ್ತಿನ, ಯಾವ ಮೂಲೆಯದೆಂದು ಲೆಕ್ಕ ಹಾಕಿ ನಕ್ಷೆಯ ಮೇಲೆ ಚುಕ್ಕೆ ಇಡುವುದು ಕಂಪ್ಯೂಟರಿನೊಳಗಿನ ಪ್ರೋಗ್ರಾಂ. ದಿನಕ್ಕೆ ನಾಲ್ಕು ಚುಕ್ಕೆಯೂ ಬಿದ್ದೀತು, ಅರವತ್ತೂ ಬಿದ್ದೀತು.

ಆ ಪ್ರೋಗ್ರಾಂ ಕೊಂಡವರ ಯಂತ್ರದಲ್ಲಷ್ಟೇ ಓಡಬೇಕು, ಬೇರೆಲ್ಲೂ ಓಡಬಾರದೆಂದು ಮಾರಿದವರು ಅದಕ್ಕೊಂದು ಬೀಗ ಇಟ್ಟಿದ್ದಾರೆ. ಪ್ರತಿ ಕಂಪ್ಯೂಟರಿಗೂ ತಯಾರಾದ ದಿನದಿಂದಲೇ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಕಚೇರಿಯ ಮಾತಿನಲ್ಲಿ ಹೋಸ್ಟ್ ಐಡಿ. ಅದನ್ನು ಹುಡುಕಿ ಬೆಂಗಳೂರಿನ ಏಜೆಂಟರಿಗೆ ಓದಿ ಹೇಳಿದರೆ ಆ ಸಂಖ್ಯೆಗೆ ಮಾತ್ರ ಹೊಂದುವ ಲೈಸೆನ್ಸಿನ ಅಕ್ಷರಗಳು ಬರುತ್ತವೆ. ಒಂದಕ್ಷರ ತಪ್ಪಿದರೂ ಬೀಗ ತೆರೆಯದು. ಬೀಗ ತೆರೆಯದಿದ್ದರೆ ಚುಕ್ಕೆ ಬೀಳದು. ಚುಕ್ಕೆ ಬೀಳದ ದಿನ ಕೆಳಗಿಳಿಯುವವರು ಕುರುಡಾಗಿ ಇಳಿಯುತ್ತಾರೆ.

ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಿಂದ ಬರುವ ವೆಂಕಟರತ್ನಮ್ಮನವರಿಗೆ ಈಗ ನಲವತ್ತಾರು. ಓದಿದ್ದು ಎಂಟನೇ ಕ್ಲಾಸು. ಎರಡು ಹಸು ಕರೆದು, ಹಾಲನ್ನು ಡೈರಿಗೆ ಹಾಕಲು ಅತ್ತೆ ಅಕ್ಕಯ್ಯಮ್ಮನ ಕೈಗೆ ಕೊಟ್ಟು, ಗಣಿ ಪಾಳಿಯವರ ಮೊದಲ ಬಸ್ಸು ಹತ್ತುತ್ತಾರೆ. ಹತ್ತು ವರ್ಷದ ಹಿಂದೆ ಕಸ ಗುಡಿಸಲು, ನೀರು ತುಂಬಲು ದಿನಗೂಲಿಗೆ ಬಂದವರು. ಇಂದಿಗೂ ಸಂಬಳದ ಪಟ್ಟಿಯಲ್ಲಿ ಹಂಗಾಮಿ ಅಟೆಂಡರ್.

ಅವರ ಕಣ್ಣಿನ ಚುರುಕು ಮೊದಲು ಕಂಡವರು ಈ ಕಚೇರಿಯನ್ನು ಕಟ್ಟಿದ ಎಂಜಿನಿಯರ್ ಆರುಮುಗಂ. ಉರಿಗಾಂ ಕ್ವಾರ್ಟರ್ಸ್‌ನಲ್ಲೇ ಹುಟ್ಟಿ ಬೆಳೆದ, ಮಾತಿನಲ್ಲಿ ಮೂರು ಭಾಷೆ ಬೆರೆಸುವ ಮನುಷ್ಯ. ಗೋಡೆಗೆ ಅಂಟಿಸಿದ ಹೋಸ್ಟ್ ಐಡಿ ಪಟ್ಟಿಯಲ್ಲಿ ಒಂದು ಸಂಖ್ಯೆ ಪರದೆಯ ಮೇಲಿನದಕ್ಕೆ ತಾಳೆಯಾಗುತ್ತಿಲ್ಲವೆಂದು ಗುಡಿಸುತ್ತಿದ್ದ ಹೆಂಗಸು ತೋರಿಸಿದಾಗ ಅವರು ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು.

"'ರತ್ನಮ್ಮ, ಮೊದಲು ಅದರ ಪೇರು ಕೇಳು, ಆಮೇಲೆ ಕೆಲಸ ಹೇಳು' ಅಂತಿದ್ರು ಸಾರು," ಎಂದು ವೆಂಕಟರತ್ನಮ್ಮ ನೆನೆಯುತ್ತಾರೆ. "ಮನುಷ್ರಿಗೂ ಅಂಗೇ ಅಲ್ವಾ? ಎಸ್ರು ಕೇಳ್ದೆ ಯಾರ್ನಾದ್ರೂ ದುಡಿಸ್ಕೊಂಡ್ರೆ ಅವ್ರಿಗೆ ಎಂಗಾಗ್ಬೇಕು?"

ಒಂದು ವರ್ಷ ಫೋನಿನಲ್ಲಿ 'ಬಿ' ಎಂದದ್ದು ಬೆಂಗಳೂರಿನಲ್ಲಿ 'ಡಿ' ಎಂದು ಕೇಳಿಸಿ, ಬಂದ ಲೈಸೆನ್ಸು ಕೂಡದೆ ಒಂಬತ್ತು ದಿನ ಯಂತ್ರ ಸುಮ್ಮನೆ ಕೂತಿತು. ಆಗ ವೆಂಕಟರತ್ನಮ್ಮ ತಮ್ಮದೇ ಉಪಾಯ ಮಾಡಿದರು. ಅಂಕಿಗಳನ್ನು ಬಿಟ್ಟರೆ ಈ ಸಂಖ್ಯೆಗಳಲ್ಲಿ ಬರುವುದು ಆರೇ ಇಂಗ್ಲಿಷ್ ಅಕ್ಷರ. ಆರಕ್ಕೂ ತಾವು ಬಲ್ಲ ಊರುಕೇರಿಯ ಹೆಸರು ಕೊಟ್ಟರು. ಎ ಎಂದರೆ ಆಂಡರ್ಸನ್‌ಪೇಟೆ, ಬಿ ಬಂಗಾರಪೇಟೆ, ಸಿ ಕೋರಮಂಡಲ್, ಡಿ ದಾಸರಹೊಸಹಳ್ಳಿ, ಇ ಎಡ್ಗರ್ ಶಾಫ್ಟ್, ಎಫ್ ಫೈವ್ ಲೈಟ್ಸ್. ಅಂದಿನಿಂದ ಒಂದಕ್ಷರವೂ ತಪ್ಪಿ ಹೋಗಿಲ್ಲ.

ತೊಂಬತ್ತೈದರ ಫೆಬ್ರವರಿಯಲ್ಲಿ ಆರುಮುಗಂ ಕೆಟ್ಟುಹೋದ ಉಪಕರಣವೊಂದನ್ನು ಬದಲಿಸಲು ಎಪ್ಪತ್ತೆರಡನೇ ಲೆವೆಲ್‌ಗೆ ಇಳಿದಿದ್ದರು. ಜೊತೆಗಿದ್ದವನನ್ನು ತಂತಿ ತರಲು ಕಳಿಸಿ ಒಬ್ಬರೇ ಉಳಿದ ಹತ್ತು ನಿಮಿಷದಲ್ಲಿ ಬಂಡೆ ಸಿಡಿಯಿತು. ನಾಲ್ಕು ದಿನ ಕಲ್ಲು ತೆಗೆದರು. ತೆಗೆದಷ್ಟೂ ಮೇಲಿನಿಂದ ಕುಸಿಯಿತು. ಐದನೇ ದಿನ ಆ ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿದರು. ಆರುಮುಗಂ ಮೇಲೆ ಬರಲಿಲ್ಲ. ಅವರ ಮೇಜಿನ ಕಂಪ್ಯೂಟರನ್ನು ಆರಿಸಿ, ತಂತಿ ಕಿತ್ತು, ನೀಲಿ ಬಟ್ಟೆ ಹೊದಿಸಿದವರು ವೆಂಕಟರತ್ನಮ್ಮ.

ಆಮೇಲಿನ ಎರಡು ವರ್ಷ, ತಿಂಗಳಿಗೊಮ್ಮೆಯೋ ಎರಡು ಸಲವೋ, ನಕ್ಷೆಯ ಮೇಲೆ ಆ ಗೋಡೆಯ ಹಿಂದೆ ಒಂದು ಒಂಟಿ ಚುಕ್ಕೆ ಬೀಳುತ್ತಿತ್ತು. ಬಂಡೆ ಇನ್ನೂ ಕೂರುತ್ತಿದೆ ಎಂದು ಎಂಜಿನಿಯರುಗಳು ಬರೆದುಕೊಂಡರು. ವೆಂಕಟರತ್ನಮ್ಮ ಆ ಹಾಳೆಯನ್ನು ಫೈಲಿಗೆ ಹಾಕುವ ಮುಂಚೆ ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದರು.

ಅವರ ಬದುಕಿನ ದೊಡ್ಡ ಬೆಳಗು ಬಂದದ್ದು ತೊಂಬತ್ತೇಳರ ಮಾರ್ಚ್ ಇಪ್ಪತ್ತರಂದು. ಬೀಗ ತೆಗೆದು ನೆಲಕ್ಕೆ ಕೈ ಇಟ್ಟರೆ ನಡುಕ ನಿಲ್ಲಲೇ ಇಲ್ಲ. "ನೆಲ ಉಸ್ರಾಡ್ತಾ ಇತ್ತು," ಎನ್ನುತ್ತಾರೆ. "ಮಲಗಿರೋ ದನದ ಒಟ್ಟೆ ಮೇಲೆ ಕೈ ಇಟ್ಟಂಗೆ." ನಡುಕ ಬರೆದಿಡುವ ಎರಡು ಯಂತ್ರಗಳಲ್ಲಿ ರಾತ್ರಿ ಮೂವತ್ತೊಂದು ನಡುಕ ದಾಖಲಾಗಿತ್ತು. ಎಲ್ಲಿಯವೆಂದು ಹೇಳಬೇಕಾದ ಮುಖ್ಯ ಯಂತ್ರ ಮಾತ್ರ ಬೆಳಗಿನ ಜಾವ ಕರೆಂಟು ಹೋಗಿ ಬಂದಾಗ ನಿಂತುಹೋಗಿತ್ತು. ಮತ್ತೆ ಹಚ್ಚಿ ಹೆಸರು ಕೇಳಿದರು. ಪರದೆಯ ಮೇಲೆ ಬಂದದ್ದು ಎಫ್, ಎಫ್, ಎಫ್. ಎಂಟೂ ಎಫ್. ಲೈಸೆನ್ಸು ಹೊಂದುತ್ತಿಲ್ಲವೆಂದು ಪ್ರೋಗ್ರಾಂ ಬಾಗಿಲು ಹಾಕಿಕೊಂಡಿತು.

ಉಸ್ತುವಾರಿ ಎಂಜಿನಿಯರ್ ಅಶ್ವತ್ಥಪ್ಪ ಬಂಗಾರಪೇಟೆಯಿಂದ ಎಂಟೂವರೆಯ ರೈಲಿಗೆ ಬರುವವರು, ಮನೆಗೆ ಫೋನಿಲ್ಲ. ಬೆಳಗಿನ ಪಾಳಿ ಇಳಿಯುವುದು ಆರೂವರೆಗೆ. ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬೆಂಗಳೂರಿನ ರಿಪೇರಿಯವರ ಮನೆ ನಂಬರಿತ್ತು. ವೆಂಕಟರತ್ನಮ್ಮ ಅದನ್ನೇ ತಿರುಗಿಸಿದರು. ನಿದ್ದೆಗಣ್ಣಿನಲ್ಲಿ ಫೋನೆತ್ತಿದವರು ಕದಿರಪ್ಪ, ಏಜೆಂಟರ ಕಡೆಯ ಮೆಕ್ಯಾನಿಕ್.

"ಎಂಜಿನಿಯರ್‌ಗೆ ಕೊಡಮ್ಮ ಫೋನು."

"ಅವ್ರು ಬರಾದು ಎಂಟೂವರೆಗೆ ಸಾ. ಆರೂವರೆಗೆ ಜನ ಕೆಳಕ್ಕೆ ಇಳೀತಾರೆ. ನಂಗೇ ಏಳಿ."

"ನೀವ್ಯಾರು?"

"ಅಟೆಂಡರು."

ಆ ಕಡೆ ನಿಟ್ಟುಸಿರು. "ಪರದೆ ಮೇಲೆ ಏನಿದೆ, ಓದಿ ನೋಡೋಣ."

"ಫೈವ್ ಲೈಟ್ಸ್, ಫೈವ್ ಲೈಟ್ಸ್, ಫೈವ್ ಲೈಟ್ಸ್. ಎಂಟು ಸಲಾನೂ ಅದೇ ಸಾ."

"ಓ!" ಕದಿರಪ್ಪನ ದನಿ ಬದಲಾಯಿತು. "ಆ ನಂಬರ್ ಓದೋ ಅಮ್ಮ ನೀವೇನಾ? ಕೇಳಿ ಹಾಗಾದ್ರೆ. ಮಿಷನ್ನಿಗೆ ತನ್ನ ಹೆಸರೇ ಮರೆತುಹೋಗಿದೆ. ಒಳಗೆ ಒಂದು ಕಪ್ಪು ಬಿಲ್ಲೆ ಇರುತ್ತೆ, ಅದರ ಹೊಟ್ಟೇಲಿ ಬ್ಯಾಟರಿ. ಬ್ಯಾಟರಿ ಸತ್ತರೆ ನಂಬರೂ ಹೋಯ್ತು. ಅಂಥದೇ ಇನ್ನೊಂದು ಮಿಷನ್ ಇದೆಯಾ ನಿಮ್ಮಲ್ಲಿ?"

ವೆಂಕಟರತ್ನಮ್ಮ ತಿರುಗಿ ನೀಲಿ ಬಟ್ಟೆಯ ಕಡೆ ನೋಡಿದರು.

ಆ ಪ್ರೋಗ್ರಾಮಿನ ಲೈಸೆನ್ಸು ಇದ್ದದ್ದು ಎರಡೇ ಯಂತ್ರಕ್ಕೆ. ಒಂದು ಈಗ ಹೆಸರು ಮರೆತದ್ದು, ಇನ್ನೊಂದು ಆರುಮುಗಂ ಅವರದು. ಅವರದಕ್ಕೆ ಮೂರು ವರ್ಷದ ಲೈಸೆನ್ಸು ಒಟ್ಟಿಗೇ ತಂದಿದ್ದರು. ಮಾರ್ಚ್ ಮೂವತ್ತೊಂದಕ್ಕೆ ಮುಗಿಯಬೇಕು. ಇನ್ನೂ ಹನ್ನೊಂದು ದಿನ ಬಾಕಿಯಿತ್ತು. ಅದರ ಅಕ್ಷರಗಳು ರಟ್ಟಿನ ಪುಸ್ತಕದಲ್ಲಿ ವೆಂಕಟರತ್ನಮ್ಮನ ಕೈಬರಹದಲ್ಲೇ ಇದ್ದವು.

"ಬಟ್ಟೆ ತೆಗೆಯೋ ಮುಂಚೆ ಕೈ ಮುಗ್ದೆ," ಎನ್ನುತ್ತಾರೆ. "ತಪ್ಪಾಯ್ತು ಸಾರ್ ಅಂತ ಬಾಯಿ ಬಿಟ್ಟೇ ಅಂದೆ. ಸತ್ತೋರ ಜೇಬಿಗೆ ಕೈ ಆಕ್ದಂಗೆ ಅನ್ನಿಸ್ತು." ಫೋನನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕದಿರಪ್ಪ ಹೇಳಿದಂತೆ ತಿರುಪು ಬಿಚ್ಚಿ, ಹಳದಿ ಚೀಟಿ ಅಂಟಿದ ಹೆಬ್ಬೆರಳಷ್ಟು ಗಾತ್ರದ ಬಿಲ್ಲೆಯನ್ನು ಸ್ಕ್ರೂಡ್ರೈವರಿನಿಂದ ಎರಡೂ ತುದಿಯಲ್ಲಿ ಮೆಲ್ಲಗೆ ಮೀಟಿ ತೆಗೆದರು. ಗಣಿಯ ನಕ್ಷೆಗಳೆಲ್ಲ ಇದ್ದದ್ದು ಮುಖ್ಯ ಯಂತ್ರದಲ್ಲಿ, ಹಾಗಾಗಿ ಅದರ ಸತ್ತ ಬಿಲ್ಲೆಯ ಜಾಗಕ್ಕೆ ಇದನ್ನು ಕೂರಿಸಿದರು. "ಎರಡು ವರ್ಷ ಆರಿಸಿಟ್ಟದ್ದು ಅಂತೀರಿ. ಅದೂ ಸತ್ತಿರಬಹುದು, ಆಸೆ ಇಟ್ಟುಕೋಬೇಡಿ," ಎಂದಿದ್ದರು ಕದಿರಪ್ಪ.

ಯಂತ್ರ ಎದ್ದಿತು. ಎಂಟು, ಸೊನ್ನೆ, ಏಳು, ಬಂಗಾರಪೇಟೆ, ಎರಡು, ಎಡ್ಗರ್, ಒಂದು, ಕೋರಮಂಡಲ್. ಆರುಮುಗಂ ಅವರ ಸಂಖ್ಯೆ. ಪುಸ್ತಕ ನೋಡುವ ಅಗತ್ಯವೇ ಬೀಳಲಿಲ್ಲ. ಅದರ ಕೆಳಗೆ ಗಂಟೆ ಮೂಡಿತು. ಅದನ್ನು ಓದಿ ವೆಂಕಟರತ್ನಮ್ಮ ತಿರುಗಿ ಗೋಡೆಯ ಗಡಿಯಾರ ನೋಡಿದರು. ಆ ಬಿಲ್ಲೆಯಲ್ಲೇ ಗಡಿಯಾರವೂ ಇರುತ್ತದಂತೆ. ಎರಡು ವರ್ಷ ಬಟ್ಟೆಯ ಕೆಳಗೆ, ಕರೆಂಟಿಲ್ಲದೆ, ಯಾರೂ ನೋಡದೆ ಅದು ಹೊತ್ತು ಎಣಿಸುತ್ತಲೇ ಇತ್ತು. ಗೋಡೆಯ ಗಡಿಯಾರಕ್ಕಿಂತ ನಾಲ್ಕು ನಿಮಿಷ ಮುಂದೆ. ಗಣಿಯೊಳಕ್ಕೆ ಇಳಿಸುವ ಕೇಜ್ ತಪ್ಪಬಾರದೆಂದು ಆರುಮುಗಂ ತಮ್ಮ ಕೈಗಡಿಯಾರವನ್ನು ಸದಾ ನಾಲ್ಕು ನಿಮಿಷ ಮುಂದಿಡುತ್ತಿದ್ದರು.

ಲೈಸೆನ್ಸಿನ ಅಕ್ಷರಗಳನ್ನು ಒಂದೊಂದಾಗಿ ಒತ್ತಿ ಮುಗಿಸುವ ಹೊತ್ತಿಗೆ ಆರೂಕಾಲು ದಾಟಿತ್ತು. ಪ್ರೋಗ್ರಾಂ ಓಡಿತು. ರಾತ್ರಿಯ ನಡುಕಗಳು ಒಂದರ ಹಿಂದೊಂದು ನಕ್ಷೆಯ ಮೇಲೆ ಚುಕ್ಕೆಯಾಗಿ ಬಿದ್ದವು. ಮೊದಲನೆಯದು ಎಪ್ಪತ್ತೆರಡನೇ ಲೆವೆಲ್‌ನಲ್ಲಿ, ಮುಚ್ಚಿದ ಗೋಡೆಯ ಹಿಂದೆ. ಎರಡನೆಯದು ಅದಕ್ಕಿಂತ ಸ್ವಲ್ಪ ಮೇಲೆ. ಮೂರನೆಯದು ಇನ್ನೂ ಮೇಲೆ. ಯಾರೋ ಮೆಟ್ಟಿಲು ಹತ್ತಿ ಬರುತ್ತಿರುವ ಹಾಗೆ ಮೂವತ್ತೊಂದು ಚುಕ್ಕೆ, ಕೊನೆಯದು ಎಪ್ಪತ್ತನೇ ಲೆವೆಲ್‌ನ ಅಂಚಿನಲ್ಲಿ. ಅಂದಿನ ಪಾಳಿಯ ನಲವತ್ತೆರಡು ಜನ ಕೆಲಸ ಮಾಡಬೇಕಿದ್ದದ್ದು ಅಲ್ಲೇ.

ಕೇಜ್ ಇಳಿಯುವ ಬಾವಿಯಂಥ ಶಾಫ್ಟಿನ ಬಾಯಲ್ಲಿ ಫೋನೆತ್ತಿದವರು ಶಿಫ್ಟ್ ಕ್ಯಾಪ್ಟನ್ ಮುನಿಸ್ವಾಮಪ್ಪ. ಚುಕ್ಕೆಗಳು ಎಲ್ಲೆಲ್ಲಿವೆಯೆಂದು ವೆಂಕಟರತ್ನಮ್ಮ ಹೇಳಿದರು.

"ಎಂಜಿನಿಯರ್ ಎಲ್ಲಮ್ಮ?"

"ಬಂದಿಲ್ಲ ಅಣ್ಣ. ನಾನೇ ನೋಡಿ ಏಳ್ತಾ ಇವ್ನಿ. ಜನಾನ ಇಳಿಸ್ಬ್ಯಾಡಿ."

"ನಿನ್ ಮಾತಿನ ಮೇಲೆ ಕೇಜ್ ನಿಲ್ಸಾಕಾಯ್ತದಾ? ಫಾರಂ ತುಂಬ್ಬೇಕಲ್ಲ ನಾನು. ಮಿಷನ್ ನಂಬರ್ ಎಷ್ಟು, ಓದು."

ಮುಖ್ಯ ಯಂತ್ರದ ಹಳೆಯ ಸಂಖ್ಯೆ ಅವರಿಗೆ ಬಾಯಿಪಾಠವಿತ್ತು. ಅದನ್ನೇ ಹೇಳಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಪರದೆಯ ಮೇಲೆ ಇದ್ದದ್ದು ಬೇರೆ. ಇದ್ದದ್ದನ್ನೇ ಓದಿದರು.

ಆ ಕಡೆ ಪೆನ್ನು ಗೀಚುವ ಸದ್ದು ಅರ್ಧಕ್ಕೇ ನಿಂತಿತು. ಕೇಜಿನ ಗಂಟೆ ಬಾರಿಸುವುದು ಮಾತ್ರ ಕೇಳುತ್ತಿತ್ತು.

"ಇನ್ನೊಂದ್ಸಲ ಓದು."

ಓದಿದರು.

"ಅದು ಆರುಮುಗಂ ಸಾರ್ ಮಿಷನ್ನು. ವರ್ಷಾನುಗಟ್ಲೆ ಬರ್ದಿದೀನಿ ಆ ನಂಬರ್ನ ಈ ಕೈಯಾಗೆ. ಅದ್ನ ಮುಚ್ಚಿ ಎರಡು ವರ್ಷ ಆಯ್ತಲ್ಲಮ್ಮ?"

"ಇವತ್ತು ಎದ್ದೈತೆ ಕಣಣ್ಣ."

ಫೋನು ಕೆಳಗಿಟ್ಟ ಸದ್ದಾಯಿತು. ಅವರು ಕೇಜ್ ನಿಲ್ಲಿಸಿದರೋ ಇಳಿಸಿದರೋ ವೆಂಕಟರತ್ನಮ್ಮನಿಗೆ ಗೊತ್ತಾಗಲಿಲ್ಲ. ಮತ್ತೆ ಫೋನು ಮಾಡುವ ಧೈರ್ಯ ಬರಲಿಲ್ಲ. ಯಂತ್ರದ ಮುಂದೆ ನೆಲಕ್ಕೆ ಕೈಯೂರಿ ಕೂತರು. ಉಸಿರಾಡುತ್ತಿದ್ದ ನೆಲ ಆರೂ ನಲವತ್ತರ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಆ ನಿಶ್ಶಬ್ದಕ್ಕೇ ತಾವು ಹೆಚ್ಚು ಹೆದರಿದ್ದು ಎನ್ನುತ್ತಾರೆ. ಆರೂ ಐವತ್ತೆರಡಕ್ಕೆ ಬರ್ಸ್ಟ್ ಬಡಿಯಿತು. ಬೀರುವಿನ ಮೇಲಿದ್ದದ್ದೆಲ್ಲ ಕೆಳಗೆ ಬಿತ್ತು. ಹಂಚಿನ ಸಂದಿಯಿಂದ ಧೂಳು ಸುರಿದು ನಾಲ್ಕು ಪರದೆಯೂ ಬೆಳ್ಳಗಾದವು.

ಏಳೂಕಾಲಿಗೆ ಫೋನು ಬಂತು. ಆ ಕಡೆ ಮುನಿಸ್ವಾಮಪ್ಪ. "ಎಪ್ಪತ್ತನೇ ಲೆವೆಲ್ ಓಯ್ತು. ಪೂರಾ ಓಯ್ತು. ನಲವತ್ತೆರಡು ಜನಾನೂ ಮೇಲವ್ರೆ ತಾಯಿ."

ಎಂಟೂವರೆಯ ರೈಲಿಗೆ ಬಂದ ಅಶ್ವತ್ಥಪ್ಪ ನಡೆದದ್ದನ್ನೆಲ್ಲ ನಿಂತಲ್ಲೇ ಕೇಳಿಕೊಂಡರು. ಆಮೇಲೆ ಫಾರಂ ತೆಗೆದು ತಾವೇ ತುಂಬಿದರು. ಎಚ್ಚರಿಕೆ ನೀಡಿದ ಯಂತ್ರದ ಸಂಖ್ಯೆ, ಸಮಯ, ಅಧಿಕಾರಿಯ ಸಹಿ. "ನಿಮ್ಮ ಹೆಸರು ಬರೆಯೋಕೆ ಇದರಲ್ಲಿ ಜಾಗವೇ ಇಲ್ಲವಲ್ಲ ರತ್ನಮ್ಮ," ಎಂದು ಫಾರಂ ತಿರುಗಿಸಿ ತಿರುಗಿಸಿ ನೋಡಿದರು. ಹೀಗಾಗಿ ದಾಖಲೆಯಲ್ಲಿ ಅಂದು ನಲವತ್ತೆರಡು ಜನರನ್ನು ಉಳಿಸಿದ್ದು ಎರಡು ವರ್ಷದ ಹಿಂದೆ ತೀರಿಕೊಂಡವರ ಸಂಖ್ಯೆ.

ಕ್ವಾರ್ಟರ್ಸ್‌ನಲ್ಲಿ ಸುದ್ದಿ ಹಬ್ಬಲು ಅರ್ಧ ದಿನ ಬೇಕಾಗಲಿಲ್ಲ. ಆರುಮುಗಂ ಎದ್ದು ಫೋನು ಮಾಡಿಸಿದರು ಎಂದರು. ಪಾಳಿ ಮುಗಿಸಿದವರು ದಿಬ್ಬ ಹತ್ತಿ ಬಂದು, ಒಳಗೆ ಬಿಲ್ಲೆಯಿಲ್ಲದ ಖಾಲಿ ಯಂತ್ರಕ್ಕೆ ಹೂವಿಟ್ಟು ಕೈಮುಗಿದು ಹೋಗತೊಡಗಿದರು. ಇಂದಿಗೂ ಬರುತ್ತಾರೆ. ಅವರಿಗೆ ಬಾಗಿಲು ತೆಗೆದು, ಕುಡಿಯಲು ನೀರು ಕೊಟ್ಟು ಪಕ್ಕಕ್ಕೆ ನಿಲ್ಲುವ ಹೆಂಗಸು ಯಾರೆಂದು ಹೆಚ್ಚಿನವರು ಕೇಳುವುದಿಲ್ಲ.

ನೀವೂ ಹಾಗೇ ನಂಬುತ್ತೀರಾ ಎಂದರೆ ವೆಂಕಟರತ್ನಮ್ಮ ನೀಲಿ ಬಟ್ಟೆಯ ಮೇಲಿನ ಬಾಡಿದ ಹೂವನ್ನು ತೆಗೆಯುತ್ತಾರೆ. "ಬಿಲ್ಲೆ ಕಿತ್ತು ಆಕಿದ್ದು ನಾನು. ಅದು ನಂಗೊತ್ತು. ಆದ್ರೆ ಎದ್ದಿದ್ದು ನಾನಲ್ಲವಲ್ಲ."

ಹೊಸ ಬಿಲ್ಲೆ ತೆಗೆದುಕೊಂಡು ಕದಿರಪ್ಪ ಬೆಂಗಳೂರಿನಿಂದ ಬಂದದ್ದು ಏಪ್ರಿಲ್ ಎರಡಕ್ಕೆ. ಹಳೆಯ ಲೈಸೆನ್ಸಿನ ಹನ್ನೊಂದು ದಿನ ಆಗಷ್ಟೇ ಮುಗಿದಿತ್ತು. ಆರುಮುಗಂ ಅವರ ಬಿಲ್ಲೆಯನ್ನು ತೆಗೆದು, ಪರೀಕ್ಷೆಗೆಂದು ತಂದಿದ್ದ ಯಂತ್ರಕ್ಕೆ ಹಾಕಿದರೆ ಬಂದದ್ದು ಎಂಟೂ ಎಫ್. ಗಡಿಯಾರವೂ ಇಲ್ಲ. ಎರಡು ಸಲ, ಮೂರು ಸಲ ನೋಡಿದರು. "ಇದರಲ್ಲಿ ಜೀವವೇ ಇಲ್ಲಮ್ಮ," ಎಂದರು. ಈಗ ತೆಗೆಯುವಾಗ ಸತ್ತಿರಬೇಕು ಎಂದು ತಾವೇ ಸಮಾಧಾನ ಹೇಳಿಕೊಂಡರು. ಊಟಕ್ಕೆ ಕೂತಾಗ ಮತ್ತೆ ಅದೇ ಮಾತೆತ್ತಿದರು. ಸಂಜೆಯ ರೈಲಿಗೆ ಕಾಯದೆ ಮಧ್ಯಾಹ್ನವೇ ಬಸ್ಸು ಹಿಡಿದು ಹೋದರು.

ಸತ್ತ ಬಿಲ್ಲೆಯನ್ನು ಕಸಕ್ಕೆ ಹಾಕಲು ವೆಂಕಟರತ್ನಮ್ಮನಿಗೆ ಮನಸ್ಸಾಗಲಿಲ್ಲ. ಅಶ್ವತ್ಥಪ್ಪನವರನ್ನು ಕೇಳಿಕೊಂಡು, ಸೆರಗಿನಲ್ಲಿ ಕಟ್ಟಿ, ಆರುಮುಗಂ ಅವರ ಹೆಂಡತಿ ಮಂಗಮ್ಮನ ಮನೆಗೆ ಒಯ್ದರು. ಮಂಗಮ್ಮ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಹೂಳಲು ಆ ಮನೆಗೆ ಏನೂ ಸಿಕ್ಕಿರಲಿಲ್ಲ. ಮರುದಿನ ಕುಂಕುಮದ ಹಿತ್ತಾಳೆ ಡಬ್ಬಿಯೊಳಗೆ ಅದನ್ನಿಟ್ಟು ಉರಿಗಾಂನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮೇಲೊಂದು ಕಲ್ಲು ನೆಡಿಸಿದರು. ಹೆಸರಿನ ಕೆಳಗೆ ಆ ಎಂಟು ಅಕ್ಷರವನ್ನೂ ಕೆತ್ತಿಸಬೇಕೆಂಬುದು ಮಂಗಮ್ಮನದೇ ಹಟ. ಕೆತ್ತುವಾಗ ವೆಂಕಟರತ್ನಮ್ಮ ಕಲ್ಲುಕುಟಿಗನ ಪಕ್ಕದಲ್ಲೇ ಕೂತು ಒಂದೊಂದೇ ಅಕ್ಷರ ಓದಿ ಹೇಳಿದರು.

ಗಣಿ ಮುಚ್ಚುತ್ತಾರಂತೆ ಎಂಬ ಮಾತು ಈಗ ಬಂಗಾರಪೇಟೆಯ ರೈಲಿನಲ್ಲೂ ಕೇಳುತ್ತದೆ. ಮುಚ್ಚುವವರೆಗೆ ದಿನವೂ ಜನ ಇಳಿಯುತ್ತಾರೆ, ದಿನವೂ ಬೆಳಗ್ಗೆ ಯಾರಾದರೂ ಯಂತ್ರದ ಹೆಸರು ಕೇಳಲೇಬೇಕು. ಮೊಣಕಾಲು ನೋವು ಹೆಚ್ಚಾಗಿ, ಇನ್ನೊಂದೆರಡು ವರ್ಷದಲ್ಲಿ ಈ ದಿಬ್ಬ ಹತ್ತಲಾರೆ ಎನ್ನುವ ವೆಂಕಟರತ್ನಮ್ಮ ಕೆಲಸ ಕಾಯಂ ಮಾಡಿರೆಂದು ಅರ್ಜಿ ಕೊಟ್ಟವರಲ್ಲ. ಏನಾದರೂ ಕೇಳುವುದಿದ್ದರೆ ಏನು ಕೇಳುತ್ತೀರಿ ಎಂದಾಗ ಪೊರಕೆಯನ್ನು ಮೂಲೆಗಿಟ್ಟು, ಮೇಜಿನ ಮೇಲಿನ ಖಾಲಿ ಫಾರಂ ಒಂದನ್ನು ಎತ್ತಿ ತೋರಿಸುತ್ತಾರೆ.

"ಇದ್ರಾಗೆ ಒಂದು ಗೆರೆ ಎಚ್ಚಿಗೆ ಆಕ್ಸಿ. ನಂಬರ್ ಓದ್ದೋರು ಅಂತ. ನನ್ನೆಸ್ರಿಗಲ್ಲ, ನಂದು ಮುಗೀತಾ ಬಂತು. ನಾಳೆ ಇಲ್ಲಿಗೆ ಬರೋಳ್ಗೆ. ಯಾರ ಮಾತು ನಂಬ್ಕೊಂಡು ಕೆಳಕ್ಕೆ ಓಗ್ತಾ ಇದೀವಿ ಅಂತ ಇಳಿಯೋರ್ಗೆ ಗೊತ್ತಿರ್ಬೇಕಲ್ವಾ?"